ಭಂಗಾರ್ ಮತ್ತು ಬಂಗಾರ

ಹೊರನಾಡಿನಲ್ಲಿರುವ ನಮ್ಮ ಕನ್ನಡಿಗರಲ್ಲಿ ಒಂದು ರೋಗ ಹಬ್ಬಿದೆ. ಅದಕ್ಕೆ ನಾನು ಇಟ್ಟಿರುವ ಹೆಸರು ಗಿರಾಕಿ ರೋಗ. ಊರು ಬಿಟ್ಟು ಬಂದವರಿಗೆ ಹಪ್ಪಳ ಅಂಗಡಿಯಿಂದ, ಉಪ್ಪಿನಕಾಯಿ ಅಂಗಡಿಯಿಂದ, ಹಬ್ಬದ ಹೋಳಿಗೆ ಅಂಗಡಿಯಿಂದ. ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವ ಕಾರಣವಾದರೂ ಇದೆ, ಒಪ್ಪೋಣ. ಆದರೆ ಪುರುಸೊತ್ತು ಕಳೆಯುವುದಕ್ಕೆಂದೇ ಇಟ್ಟುಕೊಂಡ ಹವ್ಯಾಸವನ್ನೂ ಅಂಗಡಿಯಿಂದಲೇ ತರುತ್ತೇವಲ್ಲ, ಅದಕ್ಕೇನು ಹೇಳೋಣ? ನಿವೃತ್ತನಾದವನು ತೋಟಗಾರಿಕೆ ಅಂತ ಶುರು ಮಾಡಿದರೆ ಮೊದಲು ಆಗುವುದು ಕುಂಡದ ಖರೀದಿ. ಬೆಳಗಿನ ನಡಿಗೆ ಅಂದರೆ ಬೂಟಿನ ಖರೀದಿ. ಗಾಳ ಹಾಕುವುದು ಅಂದರಂತೂ ಮುಗಿದೇ ಹೋಯಿತು, ಮೀನಿಗಿಂತ ಮೊದಲು ಮನುಷ್ಯನೇ ಸಿಕ್ಕಿಬೀಳುತ್ತಾನೆ.

ಈ ರೋಗದ ವಿರುದ್ಧ ದೊಡ್ಡ ಸಿದ್ಧಾಂತ ಮಂಡಿಸುವ ಶಕ್ತಿ ನನಗಿಲ್ಲ. ನಾನು ಎಂ.ಕಾಂ. ಓದಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು. ಆದ್ದರಿಂದ ಒಂದು ಚಿಕ್ಕ ವಸ್ತುವನ್ನು ಮುಂದಿಟ್ಟುಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಆ ವಸ್ತು ಹೆಬ್ಬೆರಳಿನಷ್ಟು ಉದ್ದ, ಒಂದು ಇಂಚು ದಪ್ಪ. ಹೆಸರು ಫೀಡರ್.

ಗಾಳದ ಪರಿಚಯ ಇಲ್ಲದವರಿಗೆ ಎರಡು ಮಾತು. ಫೀಡರ್ ಅಂದರೆ ಜಾಲರಿಯ ಒಂದು ಪುಟ್ಟ ಗೂಡು, ಅದರ ಪಕ್ಕಕ್ಕೆ ಒಂದಿಷ್ಟು ಭಾರ. ಗೂಡಿನೊಳಗೆ ತೌಡು, ಹಿಂಡಿ ಕಲಸಿ ತುಂಬಬೇಕು. ದಾರದಲ್ಲಿ ಗಾಳದ ಮುಳ್ಳಿಗಿಂತ ಸ್ವಲ್ಪ ಮೇಲೆ ಇದು ಇರುತ್ತದೆ. ನೀರಿಗೆ ಎಸೆದರೆ ತಳಕ್ಕೆ ಹೋಗಿ ಕೂರುತ್ತದೆ, ನಿಧಾನವಾಗಿ ಹಿಟ್ಟು ಬಿಡುತ್ತದೆ. ವಾಸನೆಗೆ ಬಂದ ಮೀನು ಹಿಟ್ಟು ಮುಕ್ಕುತ್ತಾ ಪಕ್ಕದಲ್ಲೇ ಇರುವ ಎರೆಗೂ ಬಾಯಿ ಹಾಕುತ್ತದೆ. ಊಟದ ಪಂಕ್ತಿ ಮತ್ತು ಗಾಳ ಎರಡೂ ಒಂದೇ ಕಡೆ ಇರುವಂತೆ ನೋಡಿಕೊಳ್ಳುವುದು, ಇಷ್ಟೇ ಫೀಡರಿನ ಕೆಲಸ. ಇದರಲ್ಲಿ ಯಂತ್ರವಿಲ್ಲ, ಗುಟ್ಟಿಲ್ಲ. ಆದರೂ ಇದನ್ನು ಚಂದದ ರಟ್ಟಿಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, 120 ರೂಪಾಯಿಗೆ ಒಂದರಂತೆ ನನ್ನ ಮುಂದಿಟ್ಟ ಅಂಗಡಿಯವನನ್ನು ನಾನು ಕಂಡಿದ್ದೇನೆ. ಕೊಳ್ಳಲು ನನ್ನ ಪಕ್ಕದಲ್ಲಿ ಸಾಲು ನಿಂತಿತ್ತು.

ನಾನಿರುವುದು ಮುಂಬಯಿಯ ಭಾಂಡುಪಿನಲ್ಲಿ. ಗಾಳ ಹಾಕುವುದು ಪೊವಾಯಿ ಕೆರೆಯಲ್ಲಿ. ಈ ಕೆರೆ ಬ್ರಿಟಿಷರ ಕಾಲದಲ್ಲಿ, 1891ರ ಸುಮಾರಿಗೆ, ಮೀಠಿ ನದಿಗೆ ಸೇರುವ ಒಂದು ಹೊಳೆಗೆ ಅಡ್ಡಗಟ್ಟೆ ಕಟ್ಟಿ ಮಾಡಿದ್ದು. ಊರಿಗೆ ಕುಡಿಯುವ ನೀರಾಗಲಿ ಅಂತ ಕಟ್ಟಿದರು, ನೀರು ಕುಡಿಯಲು ಬಾರದ್ದಾಯಿತು, ಈಗ ಕಾರ್ಖಾನೆಗೆ, ತೋಟಕ್ಕೆ ಅಷ್ಟೇ. ದಂಡೆಯ ಮೇಲೆ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ, 1955ರಲ್ಲಿ ಶುರುವಾದದ್ದು. ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಇವೆ. ತಿಲಾಪಿಯಾ ಬೇಡವೆಂದರೂ ಇದೆ. ಮೊಸಳೆಯೂ ಇದೆ, ಅದರ ವಿಷಯ ಆಮೇಲೆ ಬರುತ್ತದೆ. ತಳದಲ್ಲಿ ಕಲ್ಲು, ಬೇರು, ಜಲಕಳೆ, ಮೂರು ತಲೆಮಾರಿನವರು ಎಸೆದ ಕಸ. ಫೀಡರ್ ಹೋಗಿ ಇವುಗಳಲ್ಲಿ ಸಿಕ್ಕಿಕೊಳ್ಳದೆ ಬಂದರೆ ಅದೇ ಆಶ್ಚರ್ಯ.

ಇಲ್ಲಿಂದ ನನ್ನ ವಾದ ಶುರುವಾಗುತ್ತದೆ.

ನಾನು ಫೀಡರ್ ಮನೆಯಲ್ಲೇ ಮಾಡುತ್ತೇನೆ ಅಂದರೆ ನಮ್ಮ ಸಂಘದ ಮಿತ್ರರು ನಗುತ್ತಾರೆ. "ಸಾಹೇಬ್ರೇ, ಪೆನ್ಶನ್ ಬರ್ತದ, ಮಗ ದುಡೀತಾನ, ಇನ್ನೂ ಆ ತಂತಿ-ತಗಡಿನ ಕೆಲಸ ಯಾಕ್ರೀ?" ಅನ್ನುತ್ತಾರೆ ಒಬ್ಬರು. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಹತ್ತು ಫೀಡರ್ ಆರ್ಡರ್ ಮಾಡಿಬಿಡ್ತೀನಿ, ನಾಳೆನೇ ಬರುತ್ತೆ, ಕೈ ಕುಯ್ಕೋಬೇಡಿ" ಅನ್ನುತ್ತಾನೆ. ಒಬ್ಬರದು ತಮಾಷೆ, ಇನ್ನೊಬ್ಬನದು ಪ್ರೀತಿ. ಎರಡರ ಒಳಗೂ ಇರುವ ಮಾತು ಒಂದೇ: ಈ ಮನುಷ್ಯ ಜಿಪುಣ.

ಜಿಪುಣತನಕ್ಕೂ ಲೆಕ್ಕಾಚಾರಕ್ಕೂ ವ್ಯತ್ಯಾಸ ಇದೆ, ಸ್ವಾಮಿ. ಲೆಕ್ಕಶಾಸ್ತ್ರದಲ್ಲಿ ಮೊದಲ ವರ್ಷವೇ ಕಲಿಸುವ ಪಾಠ: ಯಾವುದು ಆಸ್ತಿ, ಯಾವುದು ಖರ್ಚು ಅಂತ ಬೇರೆ ಮಾಡು. ಗಾಳದ ಕೋಲು ಆಸ್ತಿ, ಹತ್ತು ವರ್ಷ ಬರುತ್ತದೆ. ರೀಲು ಆಸ್ತಿ, ಎಣ್ಣೆ ಬಿಟ್ಟು ಇಟ್ಟುಕೊಂಡರೆ ಅದೂ ಬರುತ್ತದೆ. ಇವಕ್ಕೆ ಹಣ ಹಾಕಿ, ಒಳ್ಳೆಯದನ್ನೇ ಕೊಳ್ಳಿ, ನನ್ನ ತಕರಾರಿಲ್ಲ. ಫೀಡರ್ ಆಸ್ತಿಯಲ್ಲ. ಅದು ಹುಟ್ಟಿರುವುದೇ ಕಳೆದುಹೋಗುವುದಕ್ಕೆ. ಕಲ್ಲು ತುಂಬಿದ ತಳಕ್ಕೆ ಬೇಕೆಂದೇ ಭಾರ ಕಟ್ಟಿ ಎಸೆಯುವ ವಸ್ತುವನ್ನು 120 ರೂಪಾಯಿ ಕೊಟ್ಟು ತರುವವನು ಶ್ರೀಮಂತನಿರಬಹುದು, ಲೆಕ್ಕ ಬಲ್ಲವನಂತೂ ಅಲ್ಲ.

ಅಂಕಿ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ಕಣ್ಣಿನ ಕಬ್ಬಿಣದ ಜಾಲರಿ ಮೂರು ಅಡಿ ಅಗಲದ ಸುರುಳಿಯಲ್ಲಿ ಸಿಗುತ್ತದೆ. ನಾನು ಒಂದಡಿ ಕತ್ತರಿಸಿಕೊಂಡು ಬಂದೆ, 108 ರೂಪಾಯಿ. ಒಂದು ಫೀಡರಿಗೆ ಬೇಕಾಗುವುದು 3 ಇಂಚು, 2 ಇಂಚಿನ ತುಂಡು, ಅಂದರೆ 6 ಚದರ ಇಂಚು. ತಂದದ್ದು 432 ಚದರ ಇಂಚು. ಅಲ್ಲಿಗೆ 72 ಫೀಡರು, ತಲಾ ಒಂದೂವರೆ ರೂಪಾಯಿ. ಭಾರಕ್ಕೆ ಹಳೆಯ ಕಬ್ಬಿಣದ ನಟ್ಟು, ಗುಜರಿಯವನ ಹತ್ತಿರ ಕಿಲೋಗೆ 60 ರೂಪಾಯಿ. 12 ಮಿಲಿಮೀಟರಿನ ಎರಡು ನಟ್ಟು ನನ್ನ ಅಡುಗೆಮನೆಯ ತಕ್ಕಡಿಯಲ್ಲಿ 34 ಗ್ರಾಂ ತೂಗಿದವು, ಅದಕ್ಕೆ ಎರಡು ರೂಪಾಯಿ. ಕಟ್ಟಡದ ಕೆಲಸದವರು ಸರಳು ಕಟ್ಟಲು ಬಳಸುವ ಬೈಂಡಿಂಗ್ ವೈರು ಐವತ್ತು ಪೈಸೆಯದು. ಒಟ್ಟು ನಾಲ್ಕು ರೂಪಾಯಿ.

ವರ್ಷಕ್ಕೆ ನಾನು ಇಪ್ಪತ್ತು ದಿನ ಕೆರೆಗೆ ಹೋಗುತ್ತೇನೆ ಅಂತಿಟ್ಟುಕೊಳ್ಳಿ. ದಿನಕ್ಕೆ ಮೂರು ಫೀಡರ್ ಕೆರೆಗೆ ಅರ್ಪಣೆ. ಅರವತ್ತು ಆಯಿತು. ಅಂಗಡಿಯದಾದರೆ 7,200 ರೂಪಾಯಿ, ಮನೆಯದಾದರೆ 240. ಮತ್ತು ಆ ಒಂದಡಿ ಜಾಲರಿಯಲ್ಲಿ ಇನ್ನೂ ಹನ್ನೆರಡು ಫೀಡರ್ ಉಳಿದಿರುತ್ತವೆ. ಅವು ಯಾರಿಗೆ ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಇಲ್ಲಿ ಒಬ್ಬ ಬುದ್ಧಿವಂತರು ಕೈ ಎತ್ತುತ್ತಾರೆ. "ನಿಮ್ಮ ಸಮಯಕ್ಕೆ ಬೆಲೆ ಹಾಕಲಿಲ್ಲವಲ್ಲ?" ಹಾಕೋಣ. ಒಂದು ಫೀಡರಿಗೆ ನನಗೆ ಇಪ್ಪತ್ತು ನಿಮಿಷ ಬೇಕು. ಒಂದು ಕೆಲಸದಲ್ಲಿ ಕಳೆದ ಹೊತ್ತಿಗೆ ಬೆಲೆ ಕಟ್ಟಬೇಕಾದರೆ, ಆ ಹೊತ್ತಿನಲ್ಲಿ ಬೇರೆ ಏನು ಮಾಡುತ್ತಿದ್ದೆ ಅಂತ ನೋಡಬೇಕು ಅನ್ನುತ್ತದೆ ಅರ್ಥಶಾಸ್ತ್ರ. ನಿವೃತ್ತ ಬ್ಯಾಂಕ್ ಅಧಿಕಾರಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಬೇರೆ ಏನು ಮಾಡುತ್ತಾನೆ? ಟಿ.ವಿ.ಯಲ್ಲಿ ಎಂಟು ಜನ ಒಟ್ಟಿಗೆ ಕಿರುಚುವುದನ್ನು ನೋಡುತ್ತಾನೆ. ಅದನ್ನು ಬಿಟ್ಟು ಮೂರು ಫೀಡರ್ ಮಾಡಿದರೆ ನಷ್ಟ ಯಾರಿಗೆ? ನನ್ನ ರಕ್ತದೊತ್ತಡಕ್ಕಂತೂ ಲಾಭವೇ.

ಈಗ ಮಾಡುವ ವಿಧಾನ. ಬರೀ ಜಗಳ ಆಡಿ ಕೆಲಸ ಹೇಳದೆ ಹೋದರೆ ಅದು ಭಾಷಣವಾಗುತ್ತದೆ.

ಮೊದಲು ತಗಡು ಕತ್ತರಿಸುವ ಕತ್ತರಿ, ಒಂದು ಇಕ್ಕಳ, ದಪ್ಪ ಕೈಚೀಲ ಇಟ್ಟುಕೊಳ್ಳಿ. ಕತ್ತರಿಸಿದ ಜಾಲರಿಯ ತುದಿ ಚರ್ಮ ಸೀಳುತ್ತದೆ, ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಹುಷಾರು. ಜಾಲರಿಯಲ್ಲಿ ಉದ್ದಕ್ಕೆ ಹನ್ನೆರಡು ಕಣ್ಣು, ಅಗಲಕ್ಕೆ ಎಂಟು ಕಣ್ಣು ಎಣಿಸಿ ತುಂಡು ಮಾಡಿ. ದಪ್ಪ ಮಾರ್ಕರ್ ಪೆನ್ನಿನ ಮೇಲೋ ಪೊರಕೆಯ ಹಿಡಿಯ ಮೇಲೋ ಸುತ್ತಿ. ಮೂರು ಇಂಚಿನ ಪಟ್ಟಿ ಸುತ್ತಿದರೆ ಹೆಚ್ಚುಕಡಿಮೆ ಒಂದು ಇಂಚು ಅಡ್ಡಗಲದ ಕೊಳವೆ ಆಗುತ್ತದೆ. ಎರಡು ಅಂಚು ಕೂಡುವ ಕಡೆ ಬೈಂಡಿಂಗ್ ವೈರಿನಿಂದ, ನಮ್ಮಮ್ಮಂದಿರು ಕೌದಿ ಹೊಲಿದ ಹಾಗೆ, ಕಣ್ಣಿಂದ ಕಣ್ಣಿಗೆ ಹೊಲಿಯಿರಿ. ಆ ಹೊಲಿಗೆಯ ಮೇಲೆಯೇ ಎರಡು ನಟ್ಟುಗಳನ್ನು ಒಂದರ ಹಿಂದೆ ಒಂದು ಮಲಗಿಸಿ, ಅವುಗಳ ತೂತಿನಲ್ಲಿ ತಂತಿ ಹಾಯಿಸಿ ಬಿಗಿಯಿರಿ. ಭಾರ ಒಂದೇ ಮಗ್ಗುಲಿಗೆ ಇರಬೇಕು. ಆಗ ಗೂಡು ತಳದಲ್ಲಿ ಉರುಳುವುದಿಲ್ಲ, ಮಗ್ಗುಲಾಗಿ ಮಲಗಿ ಹಿಟ್ಟು ಬಿಡುತ್ತದೆ. ಒಂದು ತುದಿಯಲ್ಲಿ ತಂತಿಯ ಕುಣಿಕೆ ಮಾಡಿ. ಹೊರಗೆ ಚಾಚಿದ ತಂತಿಯ ಮೊನೆಗಳನ್ನೆಲ್ಲ ಇಕ್ಕಳದಿಂದ ಒಳಕ್ಕೆ ಮಡಿಸಿ, ಇಲ್ಲದಿದ್ದರೆ ನಿಮ್ಮ ದಾರವನ್ನು ಅವೇ ಕುಯ್ಯುತ್ತವೆ. ಆಯಿತು. ಬಣ್ಣ ಬೇಡ. ಅಂಗಡಿಯಲ್ಲಿ ಹಸಿರು ಫೀಡರಿಗೆ ಒಂದು ದರ, ಕಂದು ಫೀಡರಿಗೆ ಇನ್ನೊಂದು ದರ ಹೇಳುತ್ತಾರೆ. ಪೊವಾಯಿಯ ಆ ಕದಡಿದ ನೀರಿನಲ್ಲಿ ತಳಕ್ಕೆ ಹೋದ ಮೇಲೆ ಯಾವ ಮೀನು ಬಣ್ಣ ನೋಡುತ್ತದೆ? ಬಣ್ಣ ಇರುವುದು ಗಿರಾಕಿಯ ಕಣ್ಣಿಗೆ.

ಕಟ್ಟುವಾಗ ಒಂದು ನಿಯಮ ತಪ್ಪಬಾರದು. ಫೀಡರನ್ನು ಮುಖ್ಯ ದಾರಕ್ಕೆ ಗಂಟು ಹಾಕಬೇಡಿ. ದಾರದ ಮೇಲೆ ಸಲೀಸಾಗಿ ಜಾರುವ ಒಂದು ಸ್ವಿವೆಲ್ ಹಾಕಿ, ಅದರಿಂದ ಒಂದು ಗೇಣು ಕಡಿಮೆ ಬಲದ ನೈಲಾನ್ ತುಂಡಿನಲ್ಲಿ ಫೀಡರ್ ತೂಗುಬಿಡಿ. ಮುಖ್ಯ ದಾರ 8 ಕಿಲೋ ತಡೆಯುವಂಥದ್ದಾದರೆ ಈ ತುಂಡು 4 ಕಿಲೋದ್ದು ಸಾಕು. ಕಲ್ಲಿಗೆ ಸಿಕ್ಕಿದರೆ ತುಂಡು ಮಾತ್ರ ಹರಿಯುತ್ತದೆ, ದಾರ ಉಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಮೀನು ದಾರ ಹರಿದುಕೊಂಡು ಹೋದರೆ ಭಾರ ಜಾರಿ ಕಳಚಿಕೊಳ್ಳುತ್ತದೆ. ಬಡಪಾಯಿ ಪ್ರಾಣಿ ಕೊರಳಿಗೆ ಕಬ್ಬಿಣ ಕಟ್ಟಿಕೊಂಡು ಸಾಯುವುದು ತಪ್ಪುತ್ತದೆ.

ಇನ್ನು ಹೂರಣ. ಇಲ್ಲಿಯೂ ಅಂಗಡಿಯವರು ಪೊಟ್ಟಣ ಇಟ್ಟುಕೊಂಡು ಕೂತಿದ್ದಾರೆ, ಮೇಲೆ ಇಂಗ್ಲಿಷ್ ಹೆಸರು, ಒಳಗೆ ಬ್ರೆಡ್ಡಿನ ಪುಡಿ. ನಾನು ಹಾಕುವುದು ಎರಡು ಪಾಲು ತೌಡು, ಒಂದು ಪಾಲು ಶೇಂಗಾ ಹಿಂಡಿ, ಅರ್ಧ ಪಾಲು ಹುರಿಗಡಲೆ ಹಿಟ್ಟು, ಹುರಿದು ಕುಟ್ಟಿದ ಮೆಂತ್ಯ ಒಂದು ಚಿಟಿಕೆ, ಅಂಟಿಗೆ ಸ್ವಲ್ಪ ಬೆಲ್ಲದ ನೀರು. ಮೈದಾ, ಗೋಧಿ ಹಿಟ್ಟು ಹಾಕಬೇಡಿ. ಅವು ಗೂಡಿನೊಳಗೆ ಮೇಣದಂತೆ ಅಂಟಿ ಕೂರುತ್ತವೆ, ಹೊರಗೆ ಬರುವುದೇ ಇಲ್ಲ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಪರೀಕ್ಷೆ ಬಚ್ಚಲುಮನೆಯ ಬಕೆಟ್ಟಿನಲ್ಲೇ ಆಗಲಿ: ತುಂಬಿದ ಫೀಡರ್ ಮುಳುಗಿಸಿ ಗಡಿಯಾರ ನೋಡಿ, ಐದು ನಿಮಿಷದಲ್ಲಿ ಹೆಚ್ಚಿನದೆಲ್ಲ ಹೊರಗೆ ಬಂದಿರಬೇಕು. ಬೇಗ ಬಂದರೆ ನೀರು ಕಡಿಮೆಯಾಗಿದೆ, ಬರದಿದ್ದರೆ ಅಂಟು ಹೆಚ್ಚಾಗಿದೆ.

ಮೀನಿನ ಗುಣವನ್ನೂ ತಿಳಿದಿರಬೇಕು. ಮೃಗಾಲ್ ತಳದಲ್ಲಿ ಮೇಯುವ ಮೀನು, ಫೀಡರ್ ಇರುವುದೇ ಅದಕ್ಕೆ. ರೋಹು ನಡುನೀರಿನದು, ಹಿಟ್ಟಿನ ವಾಸನೆಗೆ ಕೆಳಗಿಳಿಯುತ್ತದೆ. ಕಾಟ್ಲಾ ಮೇಲ್ನೀರಿನ ದೊರೆ, ಅದಕ್ಕೆ ಬೆಂಡು ಕಟ್ಟಿದ ಗಾಳವೇ ಸರಿ. 120 ರೂಪಾಯಿಯ ಫೀಡರಾದರೂ ಕಾಟ್ಲಾವನ್ನು ತಳಕ್ಕೆ ಕರೆಯುವುದು ಕಷ್ಟ. ಈ ಮಾತನ್ನು ಯಾವ ರಟ್ಟಿನ ಮೇಲೂ ಬರೆದಿರುವುದಿಲ್ಲ.

ಹಿಟ್ಟಿನ ವಿದ್ಯೆ ನಾನು ಕಲಿತದ್ದು ಆಗಿನ ಕಲ್ಕತ್ತಾದಲ್ಲಿ, 1991ರಿಂದ 94ರವರೆಗೆ ಅಲ್ಲಿ ಇದ್ದಾಗ. ಸಂಸಾರ ಊರಲ್ಲಿ, ನಾನೊಬ್ಬನೇ ಅಲ್ಲಿ. ಬಂಗಾಳಿಗಳು ಮೀನಿಗೆ ಹಾಕುವ ಈ ಹಿಟ್ಟಿಗೆ ಚಾರ್ ಅನ್ನುತ್ತಾರೆ. ಸಾಸಿವೆ ಹಿಂಡಿ, ಮೆಂತ್ಯ, ಮತ್ತೆ ಶುಂಠಿಯ ಜಾತಿಯ ಒಂದು ಪರಿಮಳದ ಗೆಡ್ಡೆ. ಗ್ರಂಥಿಗೆ ಅಂಗಡಿಯಲ್ಲಿ ಆ ಗೆಡ್ಡೆಯ ಹೆಸರು ಕೇಳಿದೆ. "ಏಕಾಂಗಿ" ಅಂದ. ನಾನು ಬೆಚ್ಚಿಬಿದ್ದೆ, ನನ್ನ ಸ್ಥಿತಿ ಇವನಿಗೆ ಹೇಗೆ ತಿಳಿಯಿತು ಅಂತ! ನಮ್ಮ ಶಾಖೆಯ ಹಿರಿಯ ಕ್ಯಾಶಿಯರೊಬ್ಬರು ಪ್ರತಿ ಭಾನುವಾರ ಕೊಳದ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಅವರ ಚಾರ್ ಪಾಕ ಅವರದೇ, ಪಕ್ಕದವರದು ಬೇರೆ. ಯಾರೂ ಪೊಟ್ಟಣ ಒಡೆದು ಸುರಿದವರಲ್ಲ. ಒಂದು ಜನ ತಮ್ಮ ಊರಿನಲ್ಲಿ ಹೇಗೆ ಬೇರು ಬಿಟ್ಟಿರುತ್ತಾರೆ ಅನ್ನುವುದು ಇಂಥ ಕಡೆ ಕಾಣುತ್ತದೆ, ಅವರು ಏನು ಕೊಳ್ಳುತ್ತಾರೆ ಅನ್ನುವುದರಲ್ಲಿ ಅಲ್ಲ.

ಇಷ್ಟು ಹೊತ್ತು ದುಬಾರಿಯವರ ಜೊತೆ ಜಗಳವಾಡಿದೆ. ಈಗ ಅಗ್ಗದವರ ಜೊತೆ. ಮನೆಯಲ್ಲೇ ಮಾಡುತ್ತೇವೆ ಅನ್ನುವ ನಮ್ಮ ಪಂಗಡದಲ್ಲೂ ಒಂದು ದರಿದ್ರ ಅಭ್ಯಾಸ ಇದೆ. ಹಳೆಯ ಬ್ಯಾಟರಿಯ ಸೀಸ ತಂದು, ಗ್ಯಾಸ್ ಒಲೆಯ ಮೇಲೆ ಹಳೆ ಬಾಣಲೆಯಲ್ಲಿ ಕರಗಿಸಿ ಅಚ್ಚು ಹೊಯ್ಯುವುದು. ಸೀಸ 327 ಡಿಗ್ರಿಗೆ ಕರಗುತ್ತದೆ, ಮನೆಯ ಒಲೆಗೆ ಅದು ಕಷ್ಟವೇನಲ್ಲ, ಅದೇ ಅಪಾಯ. ಅದರ ಹೊಗೆ, ಧೂಳು ಅಡುಗೆಮನೆಯ ಕಟ್ಟೆಯ ಮೇಲೆ, ನೆಲದ ಮೇಲೆ ಕೂರುತ್ತದೆ. ನೆಲದ ಮೇಲೆ ತೆವಳುವ ಮೊಮ್ಮಗು ಕೈ ಬಾಯಿಗೆ ಹಾಕುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ, ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ರಿಟನ್ನಿನಲ್ಲಿ ಗಾಳದವರು ಚೆಲ್ಲಿದ ಸೀಸದ ಗುಂಡು ನುಂಗಿ ಹಂಸಗಳು ಸತ್ತವು ಅಂತ 1987ರಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು. ಅತಿ ಸಣ್ಣ ಹರಳುಗಳಿಗೆ ಮಾತ್ರ ವಿನಾಯಿತಿ. ಹಂಸಕ್ಕೆ ಸಿಕ್ಕ ಕಾಳಜಿ ನಮ್ಮ ಮೊಮ್ಮಕ್ಕಳಿಗೆ ಬೇಡವೇ?

"ಸೀಸದ ಭಾರ ಕಬ್ಬಿಣಕ್ಕೆ ಎಲ್ಲಿ ಬರುತ್ತೆ?" ಅನ್ನುತ್ತಾರೆ. ಬನ್ನಿ, ಅದನ್ನೂ ಲೆಕ್ಕ ಹಾಕೋಣ. ನೀರಿನೊಳಗೆ ಪ್ರತಿಯೊಂದು ವಸ್ತುವೂ ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. 34 ಗ್ರಾಂ ಸೀಸ ನೀರಿನಲ್ಲಿ ಸುಮಾರು 31 ಗ್ರಾಂ ತೂಗುತ್ತದೆ. 34 ಗ್ರಾಂ ಕಬ್ಬಿಣ 29.6 ಗ್ರಾಂ. ವ್ಯತ್ಯಾಸ ಒಂದೂವರೆ ಗ್ರಾಂ ಕೂಡ ಇಲ್ಲ! ಈ ಒಂದೂವರೆ ಗ್ರಾಮಿಗಾಗಿ ಅಡುಗೆಮನೆಯಲ್ಲಿ ವಿಷ ಕಾಯಿಸುತ್ತೀರಾ? ಕಲ್ಲಾದರೆ ಅರ್ಧದಷ್ಟು ಹೆಚ್ಚಿಗೆ ತೂಕದ್ದು ಬೇಕು, ಅಷ್ಟೇ. ಅದು ರಸ್ತೆಬದಿಯಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ಕೆಲವರು ಔಷಧಿಯ ಪ್ಲಾಸ್ಟಿಕ್ ಡಬ್ಬಿಗೆ, ಹೆಂಗಸರ ಕೂದಲು ಸುರುಳಿ ಮಾಡುವ ರೋಲರಿಗೆ ಭಾರ ಕಟ್ಟಿ ಫೀಡರ್ ಮಾಡುತ್ತಾರೆ. ನಮ್ಮ ವಯಸ್ಸಿನವರ ಮನೆಯಲ್ಲಿ ಔಷಧಿ ಡಬ್ಬಿಗೇನೂ ಬರವಿಲ್ಲ, ಒಪ್ಪಿದೆ. ಚೆನ್ನಾಗಿ ಕೆಲಸವನ್ನೂ ಮಾಡುತ್ತವೆ. ಆದರೆ ಫೀಡರ್ ಕಳೆದುಹೋಗುವ ವಸ್ತು ಅಂತ ಈಗಷ್ಟೇ ಒಪ್ಪಿಕೊಂಡೆವಲ್ಲ? ವರ್ಷಕ್ಕೆ ಅರವತ್ತು ಪ್ಲಾಸ್ಟಿಕ್ ಡಬ್ಬಿ ಕೆರೆಯ ತಳದಲ್ಲಿ ನಮ್ಮ ಮರಿಮಕ್ಕಳ ಕಾಲದವರೆಗೂ ಕೂತಿರುತ್ತವೆ. ಕಬ್ಬಿಣ ಕಾಲಕ್ರಮೇಣ ತುಕ್ಕು ಹಿಡಿದು ಪುಡಿಯಾಗುತ್ತದೆ. ಅಷ್ಟಾದರೂ ಅದೂ ಕಸವೇ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ನೀರು ಇಳಿದು ದಂಡೆ ಬರಿದಾದಾಗ ಒಂದು ಚೀಲ ಹಿಡಿದು ಹೋಗುತ್ತೇನೆ. ಒಣಗಿದ ಕೆಸರಿನಲ್ಲಿ ನನ್ನವೂ, ಪಕ್ಕದವರವೂ, ಅಂಗಡಿಯ ಹಸಿರು ಬಣ್ಣದವೂ ಸಿಗುತ್ತವೆ. ತಂದು ತೊಳೆದು ಮತ್ತೆ ಕಟ್ಟುತ್ತೇನೆ. ಅಗ್ಗ ಅಂದರೆ ನಮ್ಮ ಖರ್ಚನ್ನು ಬೇರೆಯವರ ಖಾತೆಗೆ ಬರೆಯುವುದಲ್ಲ. ಬ್ಯಾಂಕಿನಲ್ಲಿ ಹಾಗೆ ಮಾಡಿದವರನ್ನು ಸಸ್ಪೆಂಡ್ ಮಾಡುತ್ತಿದ್ದರು.

ಮೊಸಳೆಯ ವಿಷಯ ಹೇಳುತ್ತೇನೆ ಅಂದಿದ್ದೆ. ಪೊವಾಯಿಯಲ್ಲಿ ಅವು ಇರುವುದು ಎಲ್ಲರಿಗೂ ಗೊತ್ತು, ದಂಡೆಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. 120 ರೂಪಾಯಿಯ ಫೀಡರ್ ಹತ್ತು ಅಡಿ ದೂರದಲ್ಲಿ ಬೇರಿಗೆ ಸಿಕ್ಕಿದಾಗ ಪ್ಯಾಂಟು ಮಡಚಿ ನೀರಿಗೆ ಇಳಿದವರನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ಕು ರೂಪಾಯಿಯದಕ್ಕೆ ಯಾರೂ ಇಳಿಯುವುದಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ದಾರ ಎಳೆದು, "ಹೋಗು ತಾಯಿ" ಅಂತ ಬಿಡುತ್ತಾರೆ. ಅಗ್ಗದ ವಸ್ತು ಮನುಷ್ಯನನ್ನು ಬಿಡುಗಡೆ ಮಾಡುತ್ತದೆ, ದುಬಾರಿ ವಸ್ತು ನೀರಿಗಿಳಿಸುತ್ತದೆ. ಇದಕ್ಕಿಂತ ದೊಡ್ಡ ವಾದ ನನಗೆ ಬೇಕಿಲ್ಲ.

ಹಿಟ್ಟಿನ ಲೆಕ್ಕವೂ ಹಾಗೆಯೇ. ಕೆಲವರು ಐದು ಕಿಲೋ ಹಿಟ್ಟು ಉಂಡೆ ಕಟ್ಟಿ ಕೆರೆಗೆ ಸುರಿಯುತ್ತಾರೆ. ಮೀನು ತಿನ್ನದೆ ಬಿಟ್ಟದ್ದು ಕೊಳೆತು, ಮೊದಲೇ ಕೆಟ್ಟ ನೀರು ಇನ್ನೂ ಕೆಡುತ್ತದೆ. ನನ್ನ ಗೂಡಿನಲ್ಲಿ ಹಿಡಿಯುವುದು ಇಪ್ಪತ್ತೈದು ಗ್ರಾಂ. ಇಪ್ಪತ್ತು ಸಲ ಎಸೆದರೂ ಅರ್ಧ ಕಿಲೋ. "ಅನ್ನ ತೋರಿಸಿ ಮೋಸ ಮಾಡೋದು ಪಾಪ ಅಲ್ವೇನ್ರೀ? ಶೃಂಗೇರಿಯಲ್ಲಿ ಅದೇ ಮೀನಿಗೆ ಕೈ ಮುಗಿದು ಮಂಡಕ್ಕಿ ಹಾಕ್ತೀರಿ" ಅಂತ ನಮ್ಮ ಮನೆಯವರೇ ಒಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಉತ್ತರ: ಗಾಳದ ಮುಳ್ಳಿನ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಒದ್ದೆ ಕೈಯಲ್ಲಿ ಹಿಡಿದು ಬಿಡಿಸಿ ಮತ್ತೆ ನೀರಿಗೆ ಬಿಡುತ್ತೇನೆ. ಅವರಿಗೆ ಪೂರ್ತಿ ಸಮಾಧಾನವಾಗಿಲ್ಲ. ಆ ಹಿಟ್ಟು ಕಲಸುವ ಪಾತ್ರೆಯನ್ನು ಮಾತ್ರ ಬಚ್ಚಲಿನಲ್ಲೇ ಇಡಬೇಕು ಅಂತ ತೀರ್ಪು ಕೊಟ್ಟಿದ್ದಾರೆ.

ಈಗ ಮೊದಲಿನ ಮಾತಿಗೆ. ಇಷ್ಟೆಲ್ಲ ಒಂದು ಫೀಡರಿಗಾಗಿ ಯಾಕೆ?

ನಾನು ಹರಿಹರದವನು. ತುಂಗಭದ್ರೆಯ ದಡದಲ್ಲಿ ನಾವು ಹುಡುಗರಾಗಿದ್ದಾಗ ಗಾಳದ ಮುಳ್ಳೊಂದನ್ನು ಸಂತೆಯಿಂದ ತರುತ್ತಿದ್ದೆವು. ಕೋಲು ಬಿದಿರಿನದು, ಬೆಂಡು ಜೋಳದ ದಂಟಿನದು, ಅದೃಷ್ಟ ಚೆನ್ನಾಗಿದ್ದರೆ ನವಿಲುಗರಿಯ ಕಡ್ಡಿಯದು. ಮಾಡುವುದು ಬಡತನ ಅಂತ ಯಾರಿಗೂ ಅನಿಸಿರಲಿಲ್ಲ. ಓದಿ, ನೌಕರಿ ಹಿಡಿದು, ವರ್ಗವಾಗಿ ವರ್ಗವಾಗಿ ಊರೂರು ಸುತ್ತಿದೆವು. ಹೋದ ಕಡೆಯೆಲ್ಲ ಬಾಡಿಗೆ ಮನೆ, ಬಾಡಿಗೆ ಮಾತು. ಮೊದಲ ದಿನವೇ ಹಾಲಿನವನು, ಕಿರಾಣಿಯವನು ನಮ್ಮನ್ನು ಗಿರಾಕಿ ಅಂತ ಗುರುತಿಸಿದರು. ಮೂವತ್ತು ವರ್ಷ ಕಳೆದರೂ ನಮ್ಮಲ್ಲಿ ಬಹಳ ಜನ ಅದಕ್ಕಿಂತ ಮುಂದೆ ಹೋಗಲೇ ಇಲ್ಲ. "ಇದು ನಮ್ಮೂರಲ್ಲ" ಅಂತ ಗೊಣಗುತ್ತಲೇ ಇದ್ದೇವೆ. ಯಾವುದನ್ನೂ ಕೈಯಿಂದ ಮಾಡದವನಿಗೆ ಯಾವ ಊರು ತಾನೇ ತನ್ನದಾಗುತ್ತದೆ?

ಫೀಡರ್ ಮಾಡಲು ಹೊರಟ ಮೇಲೆ ನಾನು ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳ ಸಾಲಿನಲ್ಲಿ ಜಾಲರಿಯ ಗೇಜು ವಿಚಾರಿಸಿದೆ. ಕಟ್ಟಡದ ಕೆಲಸದ ಕಲಬುರ್ಗಿ ಕಡೆಯ ಹುಡುಗನಿಂದ ಬೈಂಡಿಂಗ್ ವೈರು ಒಂದೇ ತಿರುವಿನಲ್ಲಿ ಬಿಗಿಯುವುದನ್ನು ಕಲಿತೆ. ಅವನು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ, ಬ್ಯಾಂಕಿನ ಕೌಂಟರಿನ ಆಚೆ ನಿಂತಿದ್ದರೆ "ಸರ್" ಅಂದು ಸುಮ್ಮನಾಗುತ್ತಿದ್ದ. ನಮ್ಮ ಓಣಿಯ ಗುಜರಿಯವನ ಜೊತೆ ನೆಲದ ಮೇಲೆ ಕೂತು ನಟ್ಟು ಆರಿಸಿದೆ. ಮುಂಬಯಿಯಲ್ಲಿ ಗುಜರಿಗೆ ಭಂಗಾರ್ ಅನ್ನುತ್ತಾರೆ. ಬಂದ ಹೊಸದರಲ್ಲಿ "ಭಂಗಾರ್‌ವಾಲಾ" ಅಂತ ಬೀದಿಯಲ್ಲಿ ಕೂಗು ಕೇಳಿ ನಮ್ಮ ಮನೆಯವರು, ಇಲ್ಲಿ ಬಂಗಾರವನ್ನೂ ಕೈಗಾಡಿಯಲ್ಲಿ ಮಾರ್ತಾರಾ ಅಂತ ಬಾಲ್ಕನಿಗೆ ಓಡಿದ್ದರು. ಒಂದು ಮಹಾಪ್ರಾಣ ತೆಗೆದರೆ ಕಸವೇ ಬಂಗಾರ ಆಗುತ್ತದೆ ಅನ್ನುವುದು ಕನ್ನಡಿಗರಾದ ನಮಗೆ ಮಾತ್ರ ಕೇಳಿಸುವ ಸಂಗತಿ.

ಉಳಿದ ಹನ್ನೆರಡು ಫೀಡರಿನ ಲೆಕ್ಕ ಬಾಕಿ ಇದೆ. ಕೆರೆಯ ಬೇಲಿಯ ಆಚೆ ಜೋಪಡಿಯ ಹುಡುಗರು ಕೂತಿರುತ್ತಾರೆ. ಕೋಲಿಲ್ಲ, ರೀಲಿಲ್ಲ. ಖಾಲಿ ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು, ತುದಿಗೆ ತುಕ್ಕು ಹಿಡಿದ ಬೋಲ್ಟು ಕಟ್ಟಿ, ಬಾಟಲಿಯನ್ನೇ ರೀಲಿನಂತೆ ಹಿಡಿದು ಎಸೆಯುತ್ತಾರೆ. ಇದೇ ಕೆಲಸವನ್ನು ಕಂಪನಿಯ ಮ್ಯಾನೇಜರ್ ಮಾಡಿದರೆ ಜುಗಾಡ್ ಅಂತ ಹೊಗಳಿ ಭಾಷಣ ಮಾಡುತ್ತಾರೆ. ಹುಡುಗ ಮಾಡಿದರೆ ಬಡತನ ಅನ್ನುತ್ತಾರೆ. ಫೀಡರ್ ಕೊಟ್ಟೆ. ಒಬ್ಬ ತಿರುಗಿಸಿ ತಿರುಗಿಸಿ ನೋಡಿ, "ಅಂಕಲ್, ನಟ್ ಒಳಗೆ ಹಾಕಿದರೆ ಕಲ್ಲಿಗೆ ಕಮ್ಮಿ ಸಿಗುತ್ತಲ್ವಾ?" ಅಂತ ಹಿಂದಿಯಲ್ಲಿ ಕೇಳಿದ. ಒಳಗೆ ಹಾಕಿದರೆ ಹಿಟ್ಟಿಗೆ ಜಾಗ ಕಡಿಮೆಯಾಗುತ್ತದೆ ಅಂದೆ. ಹಾಗಾದರೆ ಗೂಡು ಅರ್ಧ ಇಂಚು ಉದ್ದ ಮಾಡಿ ಅಂದ. ಸರಿಯಾದ ಮಾತು. ಅಂಗಡಿಯಲ್ಲಿ ಕೊಂಡ ವಸ್ತುವಿನ ಬಗ್ಗೆ ಇಂಥ ಸಂಭಾಷಣೆ ಆಗುವುದೇ ಇಲ್ಲ. ಅಲ್ಲಿ ಇರುವುದು ಎರಡೇ ಪ್ರಶ್ನೆ: ಎಷ್ಟು, ಮತ್ತೆ ಕಡಿಮೆ ಮಾಡ್ಕೋತೀರಾ.

ಆದ್ದರಿಂದ ಮುಂಬಯಿ, ಪುಣೆ, ಹೈದರಾಬಾದು, ದೆಹಲಿಯ ಕನ್ನಡ ಸಂಘಗಳಿಗೆ ನನ್ನದೊಂದು ಸವಾಲು. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸಿ, ಊಟಕ್ಕೆ ಕೇಟರಿಂಗ್ ಹೇಳಿ, ಶಾಲನ್ನು ಡಜನ್ ಲೆಕ್ಕದಲ್ಲಿ ಕೊಂಡು ಹೊದಿಸುತ್ತೀರಿ. ವರ್ಷಕ್ಕೆ ಒಂದು ಭಾನುವಾರ ಯಾರೂ ಏನನ್ನೂ ಕೊಳ್ಳದ ಕಾರ್ಯಕ್ರಮ ಇಡಿ. ಮನೆಯಿಂದ ಒಂದು ಇಕ್ಕಳ ತರಲಿ, ಬೀದಿಯಿಂದ ಒಂದಿಷ್ಟು ಭಂಗಾರ್ ತರಲಿ. ಫೀಡರೇ ಆಗಬೇಕು ಅಂತಿಲ್ಲ, ಹಕ್ಕಿಗೆ ಕಾಳು ಹಾಕುವ ಡಬ್ಬಿ, ಮುರಿದ ಕುರ್ಚಿಗೆ ಒಂದು ಕಾಲು, ಏನಾದರೂ ಸರಿ. ಮಕ್ಕಳು ನೋಡಲಿ, ಅಪ್ಪನ ಕೈ ಫೋನು ಉಜ್ಜುವುದಕ್ಕಷ್ಟೇ ಇರುವುದಲ್ಲ ಅಂತ.

ಆ ಭಾನುವಾರ ನನ್ನನ್ನು ಕರೆದರೆ ಬರುತ್ತೇನೆ. ಜಾಲರಿ, ನಟ್ಟು ನನ್ನದು. ಶಾಲು ಬೇಡ, ತಗಡು ಕತ್ತರಿಸುವ ಒಳ್ಳೆಯ ಕತ್ತರಿ ಇದ್ದರೆ ಒಂದೆರಡು ಇಟ್ಟಿರಿ, ನನ್ನದು ಮೊಂಡಾಗಿದೆ.